ಅಪ್ಪನ ಸೈಕಲ್ಲಿಗೆ ಮೂರನೇ ಗಾಲಿ

ಬೆಳಿಗ್ಗೆ ಐದೂವರೆಗೆ ಹಾವೇರಿ ಕಡೆಯಿಂದ ಬರುವ ಬಸ್ಸು ನಮ್ಮೂರ ಕ್ರಾಸಿನಲ್ಲಿ ಪೇಪರ್ ಕಟ್ಟು ಇಳಿಸಿ ಹೋಗುತ್ತದೆ. 28 ವರ್ಷ ಆ ಕಟ್ಟು ಎತ್ತಿಕೊಂಡವನು ನಮ್ಮಪ್ಪ. ಕರಿ ಸೈಕಲ್ಲಿನ ಕ್ಯಾರಿಯರ್ ಮೇಲಿಟ್ಟು, ಹಳೇ ಟ್ಯೂಬಿನ ರಬ್ಬರಿನಿಂದ ಬಿಗಿದು, ಮೂರು ಊರು ಸುತ್ತಿ ಹಂಚಿ, ಎಂಟು ಗಂಟೆಗೆ ಮನೆಗೆ ಬಂದು ರೊಟ್ಟಿ ತಿನ್ನುತ್ತಿದ್ದ. ಮುಂದೆ ಅದೇ ಪೇಪರಿಗೆ ಸುದ್ದಿ ಕಳಿಸುವ ಕೆಲಸ ನಮಗೆ ಸಿಕ್ಕಿತು. ಹೀಗಾಗಿ ಊರಲ್ಲಿ ನಮ್ಮದು 'ಪೇಪರಿನವರ ಮನೆ'. ಇಲ್ಲಿ ನಾವು ಎಂದರೆ ಆ ಮನೆಯವರು. ಬರೆಯುತ್ತಿರುವ ಕೈ ಒಂದೇ ಆದರೂ ಮಾಡಿದ ತಪ್ಪಿನಲ್ಲಿ ಎಲ್ಲರ ಪಾಲೂ ಇದೆ.

ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವಾ ಹೊಡೆಯಿತು. ಆಗ ವಯಸ್ಸು 62. ಬೇಗ ಆಸ್ಪತ್ರೆ ಸೇರಿಸಿದ್ದರಿಂದ ಜೀವ ಉಳಿಯಿತು, ಮಾತು ಉಳಿಯಿತು, ಕಾಲಿಗೂ ಶಕ್ತಿ ಬಂತು. ಎಡಗೈ ಬೆರಳು ಮಾತ್ರ ಗಟ್ಟಿಯಾಗಿ ಹಿಡಿಯಲಿಲ್ಲ. ಅದಕ್ಕಿಂತ ದೊಡ್ಡದು, ಬ್ಯಾಲೆನ್ಸ್ ಹೋಯಿತು. ನೇರ ನಿಂತವನು ಸುಮ್ಮಸುಮ್ಮನೆ ಎಡಕ್ಕೆ ವಾಲುತ್ತಿದ್ದ.

ಪೇಪರ್ ಲೈನನ್ನು ಓಣಿಯ ಒಬ್ಬ ಹುಡುಗನಿಗೆ ಬಿಟ್ಟುಕೊಟ್ಟೆವು. ಅವನು ಬೈಕಿನಲ್ಲಿ ಮುಕ್ಕಾಲು ತಾಸಿನಲ್ಲಿ ಮುಗಿಸಿಬಿಡುತ್ತಿದ್ದ. ಅಪ್ಪ ಮಾತ್ರ ಎಂದಿನಂತೆ ಐದಕ್ಕೆ ಎದ್ದು ಕಟ್ಟೆಯ ಮೇಲೆ ಕುಳಿತು, ಬಸ್ಸಿನ ಹಾರ್ನ್ ಕೇಳಿದ ಕೂಡಲೇ ಕತ್ತು ಆ ಕಡೆ ತಿರುಗಿಸುತ್ತಿದ್ದ.

ಒಂದು ದಿನ ನಾವೆಲ್ಲ ಮಲಗಿದ್ದಾಗ ಸೈಕಲ್ ತೆಗೆದುಕೊಂಡು ಹೋದ. ಬಸ್‌ಸ್ಟ್ಯಾಂಡಿನ ಚಹಾದಂಗಡಿ ಮುಂದೆ, ಹತ್ತು ಮಂದಿ ನೋಡುತ್ತಿದ್ದಂತೆ ಬಿದ್ದ. ಮೊಣಕೈ ತರಚಿತ್ತು ಅಷ್ಟೆ. ಎತ್ತಿ ಮನೆಗೆ ತಂದು ಬಿಟ್ಟವರ ಎದುರು ಅಪ್ಪ ಒಂದು ಮಾತೂ ಆಡಲಿಲ್ಲ.

ಅವತ್ತು ಮಧ್ಯಾಹ್ನ ಅಪ್ಪ ಮಲಗಿದ್ದಾಗ ನಾವು ಸೈಕಲ್ಲಿನ ಚೈನು ಬಿಚ್ಚಿ ಅಟ್ಟದ ಮೇಲೆ ಒಗೆದೆವು. ಹೇಳಿದರೆ ಜಗಳ ಆಗುತ್ತದೆ ಎಂದು ಹೇಳಲಿಲ್ಲ. ಮರುದಿನ ಅಪ್ಪ ಸೈಕಲ್ ಹತ್ತಿರ ಹೋದ, ಬಗ್ಗಿ ನೋಡಿದ, ಬಂದು ಕುಳಿತ. ಏನೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಅದಾದ ಮೇಲೆ ನಾಲ್ಕು ತಿಂಗಳು ಅಪ್ಪ ಓಣಿ ದಾಟಲಿಲ್ಲ.

ಮೊದಲು ಸರ್ಕಾರದ ದಾರಿ ನೋಡಿದೆವು. ಅಂಗವಿಕಲರ ಸೌಲಭ್ಯದ ಬಗ್ಗೆ ಎಷ್ಟೋ ಸುದ್ದಿ ಬರೆದವರು ನಾವು, ದಾರಿ ಗೊತ್ತಿತ್ತು. ಪಂಚಾಯಿತಿಯ ವಿ.ಆರ್.ಡಬ್ಲ್ಯು. ಕಾರ್ಯಕರ್ತರನ್ನು ಕೇಳಿ, ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿ, ತಪಾಸಣೆಗೂ ಹೋಗಿ ಬಂದೆವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಆದರೆ ಹೆಚ್ಚಿನ ಸೌಲಭ್ಯಕ್ಕೆ ಶೇ. 40 ಆದರೂ ಇರಬೇಕು. ಅಪ್ಪನಿಗೆ ಬಂದದ್ದು ಶೇ. 30. ಡಾಕ್ಟರರದು ತಪ್ಪೇನಿಲ್ಲ. ಅಪ್ಪ ನಡೆಯುತ್ತಾನೆ, ಮಾತಾಡುತ್ತಾನೆ, ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಾನೆ.

ಇನ್ನೊಂದು ಮಾತು ಆಗ ಹೊಳೆಯಿತು. ಶಿಬಿರಗಳಲ್ಲಿ ಕೊಡುವ ಕೈಯಿಂದ ತಿರುವುವ ಮೂರು ಗಾಲಿಯ ಸೈಕಲ್ ಕಾಲಿಗೆ ಶಕ್ತಿ ಇಲ್ಲದವರಿಗೆ. ಅಪ್ಪನಿಗೆ ಕಾಲು ಚೆನ್ನಾಗಿದೆ, ಕೈಯೇ ಸೋತಿದೆ. ಅಂಥ ಗಾಡಿ ಸಿಕ್ಕಿದ್ದರೂ ಅದು ಅವನಿಗೆ ಆಗುತ್ತಿರಲಿಲ್ಲ. ಅವನಿಗೆ ಬೇಕಿದ್ದದ್ದು ಪೆಡಲ್ ತುಳಿಯುವಂಥ, ಆದರೆ ಬೀಳದಂಥ ಸೈಕಲ್.

ಅದನ್ನು ಹುಡುಕುತ್ತ ಮೊಬೈಲಿನಲ್ಲಿ ಕಂಡದ್ದು ಕಿಟ್. ಇದ್ದ ಸೈಕಲ್ಲಿಗೇ ಜೋಡಿಸಿ ಮೂರು ಗಾಲಿ ಮಾಡುವುದು. ಇದರಲ್ಲಿ ಎರಡು ಬಗೆ. ಒಂದು, ಮಕ್ಕಳ ಸೈಕಲ್ಲಿಗೆ ಇರುವಂತೆ ಹಿಂದಿನ ಗಾಲಿಯ ಆಚೀಚೆ ಎರಡು ಸಣ್ಣ ಗಾಲಿ. ಬೆಲೆ ಕಡಿಮೆ. ಆದರೆ ತಗ್ಗುದಿಣ್ಣೆಯ ರಸ್ತೆಯಲ್ಲಿ ಆ ಎರಡು ಸಣ್ಣ ಗಾಲಿ ದಿಣ್ಣೆಯ ಮೇಲೆ ಕುಳಿತು, ನಡುವಿನ ದೊಡ್ಡ ಗಾಲಿ ತಗ್ಗಿನ ಮೇಲೆ ತೇಲಿತೆಂದರೆ ಎಷ್ಟು ತುಳಿದರೂ ಸೈಕಲ್ ಮುಂದೆ ಹೋಗುವುದಿಲ್ಲ. ನಮ್ಮ ಊರಿನ ರಸ್ತೆಗೆ ಅದು ಆಗದ ಮಾತು. ಇನ್ನೊಂದು, ಹಿಂದಿನ ಗಾಲಿಯನ್ನು ಪೂರ್ತಿ ತೆಗೆದು ಅಲ್ಲಿ ಅಗಲವಾದ ಅಚ್ಚು ಕೂರಿಸಿ, ಆ ಕಡೆ ಒಂದು ಈ ಕಡೆ ಒಂದು ಗಾಲಿ ಹಾಕುವುದು. ನಾವು ತರಿಸಿದ್ದು ಇದನ್ನು. 9,200 ರೂಪಾಯಿ. ಸುದ್ದಿಗೆ ಇಷ್ಟು ಎಂದು ನಮಗೆ ಬರುವ ಹಣದಲ್ಲಿ ಅದು ಮೂರು ತಿಂಗಳ ದುಡಿಮೆ. ಆಗಲೂ ಅಪ್ಪನನ್ನು ಕೇಳಲಿಲ್ಲ. ಖುಷಿ ಆಗುತ್ತಾನೆ ಎಂದುಕೊಂಡಿದ್ದೆವು.

ಪೆಟ್ಟಿಗೆ ಬಂತು. ಬಿಚ್ಚಿ ಹರಡಿದಾಗ ಅಪ್ಪ ದೂರದಿಂದಲೇ ನೋಡಿ, 'ಕುಂಟರ ಗಾಡಿ ತರಿಸೀರೇನು?' ಎಂದ. ಆ ಮಾತು ನಮಗೆ ಚುಚ್ಚಿತು. ಅಂಗವಿಕಲರನ್ನು ಹೇಗೆ ಕರೆಯಬೇಕು, ಹೇಗೆ ಕರೆಯಬಾರದು ಎಂದು ಡಿಪ್ಲೊಮಾ ಕ್ಲಾಸಿನಲ್ಲಿ ಕಲಿತವರು ನಾವು. ಆದರೆ ಅಪ್ಪ ಆ ಮಾತನ್ನು ಬೇರೆ ಯಾರಿಗೂ ಅಲ್ಲ, ತನಗೇ ಅಂದುಕೊಂಡಿದ್ದ. ಅದಕ್ಕೆ ಉತ್ತರ ನಮ್ಮ ಹತ್ತಿರ ಇರಲಿಲ್ಲ.

ಕಿಟ್ಟನ್ನೂ ಸೈಕಲ್ಲನ್ನೂ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಸೈಕಲ್ ಶಾಪಿನ ಕಾಕಾರ ಹತ್ತಿರ ಹೋದೆವು. ಅಪ್ಪನ ಸೈಕಲ್ಲಿಗೆ ಇಷ್ಟು ವರ್ಷ ಪಂಕ್ಚರ್ ತೆಗೆದವರು ಅವರೇ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ 'ಒಂದು ತಾಸಿನ ಕೆಲಸ' ಎಂದು ಬರೆದಿತ್ತು. ನಮಗೆ ಹಿಡಿದದ್ದು ಮೂರು ದಿನ.

ಕಿಟ್ ಮಾಡಿದ್ದು ಈಗಿನ ಸೈಕಲ್ಲುಗಳ ಅಳತೆಗೆ. ಹಳೇ ಕರಿ ಸೈಕಲ್ಲಿನ ಹಿಂದಿನ ಗಾಲಿ ಕೂರುವ ಜಾಗಕ್ಕೆ ಅದರ ಕ್ಲಾಂಪು ಕೂರಲಿಲ್ಲ. ಕಾಕಾ ಎರಡು ಪಟ್ಟಿ ಕೊರೆದು ವೆಲ್ಡಿಂಗ್ ಮಾಡಿಸಿದರು. ಅಚ್ಚು ಮೊದಲಿನ ಗಾಲಿಗಿಂತ ಹಿಂದಕ್ಕೆ ಹೋದದ್ದರಿಂದ ಚೈನು ಉದ್ದ ಬೇಕಾಯಿತು. ನಾವು ಅಟ್ಟದಿಂದ ಹಳೇ ಚೈನು ತಂದು, ಇದಕ್ಕೇ ಒಂದು ತುಂಡು ಸೇರಿಸಿ ಎಂದೆವು. ಕಾಕಾ ಒಪ್ಪಲಿಲ್ಲ. ಹಳೇ ಚೈನು ಸವೆದು ಉದ್ದ ಆಗಿರುತ್ತದೆ, ಹೊಸ ತುಂಡಿನ ಜೊತೆ ಕೂಡುವುದಿಲ್ಲ, ಹಲ್ಲಿನ ಮೇಲಿಂದ ಜಿಗಿಯುತ್ತದೆ ಎಂದರು. ಎರಡು ಹೊಸ ಚೈನು ತಂದು ಜೋಡಿಸಿದ್ದಾಯಿತು.

ಮುಂದಿನ ಗಾಲಿ 28 ಇಂಚು, ಕಿಟ್ಟಿನ ಗಾಲಿ 24 ಇಂಚು. ಸೈಕಲ್ ಹಿಂದಕ್ಕೆ ವಾಲಿದಂತೆ ಕಾಣುತ್ತಿತ್ತು. ಸೀಟಿನ ಮೂತಿ ಸ್ವಲ್ಪ ಕೆಳಗೆ ಮಾಡಿ ಸರಿ ಮಾಡಿದರು. ಗಾಲಿ ಸಣ್ಣದಾದದ್ದರಿಂದ ಪೆಡಲ್ ಹಗುರ ಆಗುತ್ತದೆ, ಆದರೆ ಒಂದು ಸುತ್ತಿಗೆ ಮೊದಲಿನಷ್ಟು ದೂರ ಹೋಗುವುದಿಲ್ಲ. ಇದು ಅಪ್ಪನಿಗೆ ಒಳ್ಳೆಯದೇ ಆಯಿತು.

ನಾಲ್ಕನೇ ದಿನ ಮನೆ ಮುಂದೆ ತಂದು ನಿಲ್ಲಿಸಿದೆವು. ಅಮ್ಮ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆದಳು. ಅಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಹತ್ತಿದ. ಇಪ್ಪತ್ತು ಮಾರು ಹೋಗಿರಬೇಕು. ನೇರ ಎಡಗಡೆಯ ಗಟಾರಕ್ಕೆ ಇಳಿಸಿದ. ಗಾಡಿ ಮಗುಚಲಿಲ್ಲ, ಅಪ್ಪನೂ ಬೀಳಲಿಲ್ಲ. ಆದರೆ ಇಳಿದು ಒಳಗೆ ಹೋಗಿಬಿಟ್ಟ.

ಲಕ್ವಾದಿಂದ ಹೀಗಾಯಿತು ಎಂದುಕೊಂಡೆವು. ಪರೀಕ್ಷೆ ಮಾಡಲು ನಾವೇ ಹತ್ತಿದೆವು. ನಾವೂ ಅದೇ ಗಟಾರಕ್ಕೆ ಹೋದೆವು. ತಮ್ಮ ಹತ್ತಿದ, ಅವನೂ ಹೋದ. ಆಗ ನಮ್ಮ ಎಂಟು ವರ್ಷದ ಮಗಳು, ಇನ್ನೂ ಸೈಕಲ್ ಕಲಿಯದವಳು, ಸೀಟಿನ ತುದಿಯಲ್ಲಿ ಕುಳಿತು, ಕಾಲು ಪೂರ್ತಿ ಎಟುಕದಿದ್ದರೂ ಅರ್ಧರ್ಧ ತುಳಿದು, ಗುಡಿಯವರೆಗೆ ಹೋಗಿ ತಿರುಗಿಸಿಕೊಂಡು ಬಂದಳು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಒಳಗಿನಿಂದ ಅಪ್ಪ ಬಾಗಿಲಿಗೆ ಬಂದು ನಿಂತ.

ಇದರ ಮರ್ಮ ಆಮೇಲೆ ತಿಳಿಯಿತು. ಎರಡು ಗಾಲಿಯ ಸೈಕಲ್ ಎಡಕ್ಕೆ ವಾಲಿದರೆ ನಾವು ಹ್ಯಾಂಡಲ್ಲನ್ನೂ ಎಡಕ್ಕೇ ತಿರುಗಿಸುತ್ತೇವೆ. ಆಗ ಸೈಕಲ್ ತಾನೇ ಎದ್ದು ನಿಲ್ಲುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಕಲಿಸುವುದಿಲ್ಲ, ಮೈ ತಾನೇ ಕಲಿಯುತ್ತದೆ. ಮೂರು ಗಾಲಿಯದು ವಾಲಿ ಏಳುವುದಿಲ್ಲ. ರಸ್ತೆಯ ನಡುಭಾಗ ಎತ್ತರ, ಅಂಚು ತಗ್ಗು. ಎಡ ಅಂಚಿನಲ್ಲಿ ಹೋದರೆ ಗಾಡಿ ಎಡಕ್ಕೆ ಓರೆಯಾಗಿಯೇ ಇರುತ್ತದೆ. 'ಬೀಳುತ್ತಿದ್ದೇನೆ' ಎಂದು ಮೈ ತಿಳಿದು, ಹಳೇ ರೂಢಿಯಂತೆ ಕೈ ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸುತ್ತದೆ. ಗಾಡಿ ಸೀದಾ ಗಟಾರಕ್ಕೆ. ಸೈಕಲ್ ಬಾರದ ಮಗುವಿಗೆ ಆ ರೂಢಿ ಇಲ್ಲ, ಹೋಗಬೇಕಾದ ಕಡೆ ಹ್ಯಾಂಡಲ್ ತಿರುಗಿಸುತ್ತದೆ, ಹೋಗುತ್ತದೆ. ಅಪ್ಪ ಗಟಾರಕ್ಕೆ ಹೋದದ್ದು ರೋಗದಿಂದಲ್ಲ, 45 ವರ್ಷ ಸೈಕಲ್ ತುಳಿದ ಅನುಭವದಿಂದ.

ಅವತ್ತು ಸಂಜೆ ಮೊಮ್ಮಗಳು ಅಪ್ಪನಿಗೆ ಹೇಳಿದ್ದು ಒಂದೇ ಮಾತು. 'ಅಜ್ಜಾ, ಇದನ್ನ ಸೈಕಲ್ ಅಂತ ತಿಳೀಬ್ಯಾಡ. ಚಕ್ಕಡಿ ಅಂತ ತಿಳ್ಕೊ.'

ಚಕ್ಕಡಿ ಎಂದದ್ದೇ ಅಪ್ಪನಿಗೆ ಹಿಡಿಯಿತು. ಹುಡುಗನಿದ್ದಾಗಿನಿಂದ ಚಕ್ಕಡಿ ಹೊಡೆದವನು. ಚಕ್ಕಡಿ ಓರೆಯಾದರೆ ಯಾರೂ ಹಗ್ಗ ಎಳೆಯುವುದಿಲ್ಲ, ಗಟ್ಟಿಯಾಗಿ ಕುಳಿತುಕೊಳ್ಳುತ್ತಾರೆ ಅಷ್ಟೆ. ಮರುದಿನ ಕಣದಲ್ಲಿ ಹತ್ತು ಸುತ್ತು ಹಾಕಿದ. ಅದರ ಮರುದಿನ ಇಪ್ಪತ್ತು. ಸಮನಾದ ಜಾಗದಲ್ಲಿ ವಾರ ಕಲಿತು ಆಮೇಲೆ ರಸ್ತೆಗೆ ಇಳಿದ.

ರಸ್ತೆಗೆ ಇಳಿದ ಮೇಲೆ ಅಪ್ಪನೇ ಇನ್ನೊಂದು ದೂರು ತಂದ. 'ತುಳಿದಾಗೆಲ್ಲ ಎಡಕ್ಕ ಎಳೀತೈತಿ. ಎಡಗೈ ದಣೀತೈತಿ.' ಕಾಕಾ ಗಾಡಿಯನ್ನು ತಲೆಕೆಳಗೆ ಮಾಡಿ ನೋಡಿದರು. ಚೈನಿನ ಶಕ್ತಿ ಹೋಗುತ್ತಿದ್ದದ್ದು ಬಲಗಡೆಯ ಗಾಲಿಗೆ ಮಾತ್ರ. ಎಡಗಡೆಯದು ಚಕ್ಕಡಿ ಗಾಲಿಯಂತೆ ತನ್ನಷ್ಟಕ್ಕೆ ತಿರುಗುವಂಥದ್ದು.

ಹೀಗೆ ಮಾಡುವುದಕ್ಕೆ ಕಾರಣ ಇದೆ. ತಿರುವಿನಲ್ಲಿ ಹೊರಗಡೆಯ ಗಾಲಿ ಹೆಚ್ಚು ದೂರ ಓಡಬೇಕು, ಒಳಗಡೆಯದು ಕಡಿಮೆ. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಒಂದು ಗಾಲಿ ಉಜ್ಜಿಕೊಂಡು ಹೋಗುತ್ತದೆ, ಗಾಡಿ ತಿರುಗುವುದಿಲ್ಲ. ಈ ತೊಡಕು ಹೊಸದಲ್ಲ. ಇಂಗ್ಲೆಂಡಿನ ಕೊವೆಂಟ್ರಿ ಊರಿನ ಜೇಮ್ಸ್ ಸ್ಟಾರ್ಲಿ 1877ರಲ್ಲೇ ಮೂರು ಗಾಲಿಯ ಸೈಕಲ್ಲಿಗೆ ಇದಕ್ಕಾಗಿ ಡಿಫರೆನ್ಶಿಯಲ್ ಗೇರ್ ಕೂರಿಸಿದ. ಇವತ್ತು ಲಾರಿ, ಟ್ರ್ಯಾಕ್ಟರುಗಳ ಹಿಂದಿನ ಅಚ್ಚಿನಲ್ಲಿ ಇರುವುದೂ ಅದೇ ಬಗೆಯದು. ಕಿಟ್ಟಿನಲ್ಲಿ ಅಷ್ಟು ದುಬಾರಿ ಗೇರ್ ಇಲ್ಲ, ಅದಕ್ಕೇ ಒಂದೇ ಗಾಲಿಗೆ ಶಕ್ತಿ ಕೊಟ್ಟಿದ್ದಾರೆ. ಬಲಗಾಲಿ ಮಾತ್ರ ನೂಕಿದರೆ ಗಾಡಿ ಎಡಕ್ಕೆ ತಿರುಗಲು ನೋಡುತ್ತದೆ. ರಸ್ತೆಯ ಇಳಿಜಾರೂ ಎಡಕ್ಕೆ. ಅಪ್ಪನ ಸೋತ ಕೈಯೂ ಎಡದ್ದೇ.

ಲೇತ್ ಅಂಗಡಿಗೆ ಹೋಗಿ ಅಚ್ಚಿನ ಎಡತುದಿಗೆ ಕೀಲಿ ಹಾಕುವ ಗಾಡಿ ಕೊರೆಸಿ, ಬಲಗಾಲಿಯನ್ನು ಬಿಡಿಬಿಟ್ಟು ಎಡಗಾಲಿಗೆ ಶಕ್ತಿ ಕೊಟ್ಟೆವು. ಈಗ ತುಳಿದರೆ ಗಾಡಿ ಸ್ವಲ್ಪ ಬಲಕ್ಕೆ ಹೋಗಲು ನೋಡುತ್ತದೆ, ರಸ್ತೆ ಎಡಕ್ಕೆ ಎಳೆಯುತ್ತದೆ, ಎರಡೂ ಹೆಚ್ಚುಕಡಿಮೆ ಸರಿಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಪಾಠ ಬ್ರೇಕಿನದು. ಕರಿ ಸೈಕಲ್ಲಿಗೆ ಇರುವುದು ಕಡ್ಡಿ ಬ್ರೇಕು. ಹಿಂದಿನ ಬ್ರೇಕು ಹಿಂದಿನ ಗಾಲಿಯ ರಿಮ್ಮು ಹಿಡಿಯುತ್ತದೆ. ಆ ಗಾಲಿಯನ್ನೇ ತೆಗೆದ ಮೇಲೆ ಅದರ ಬ್ರೇಕೂ ಹೋಯಿತು. ಕಿಟ್ಟಿನ ಅಚ್ಚಿಗೆ ಬೇರೆ ಬ್ರೇಕು ಇತ್ತು, ವೈರಿನದು. ಅದರ ಹಿಡಿಯನ್ನು ನಾವು ರೂಢಿಯಂತೆ ಎಡಗಡೆಗೆ ಹಾಕಿಸಿದ್ದೆವು. ಕೆರೆ ಏರಿಯ ಇಳಿಜಾರಿನಲ್ಲಿ ಒಂದು ದಿನ ಗಾಡಿ ಜೋರು ಹಿಡಿಯಿತು. ಅಪ್ಪ ಬಲಗೈಯಲ್ಲಿ ಮುಂದಿನ ಬ್ರೇಕನ್ನಷ್ಟೇ ಹಿಡಿದು, ಕಾಲು ನೆಲಕ್ಕೆ ಉಜ್ಜಿ, ಜಾಲಿ ಕಂಟಿಗೆ ಹೊಗ್ಗಿಸಿ ನಿಲ್ಲಿಸಿದ. ಮೈಯೆಲ್ಲ ಮುಳ್ಳು.

ಅಮ್ಮ ಮುಳ್ಳು ತೆಗೆಯುತ್ತಿದ್ದಾಗ ಅಪ್ಪ ನಮ್ಮನ್ನು ನೋಡಿ ಹೇಳಿದ: 'ಎಡಗೈ ಬೆರಳು ಹಿಡಿಯೂದಿಲ್ಲ ಅನ್ನೂದು ನಿಮಗ ಗೊತ್ತಿತ್ತಲ್ಲ. ಬ್ರೇಕ್ ಎಲ್ಲಿ ಹಾಕಲಿ ಅಂತ ನನ್ನ ಒಂದ್ ಮಾತು ಕೇಳಿದ್ರೇನು? ಚೈನ್ ಬಿಚ್ಚಾಗರೆ ಕೇಳಿದ್ರೇನು?'

ಒಂದೂವರೆ ವರ್ಷದಿಂದ ಒಳಗಿಟ್ಟುಕೊಂಡಿದ್ದ ಮಾತು. ನಾವು ದಿನಾ ಊರೂರು ತಿರುಗಿ ಮೈಕು ಹಿಡಿದು 'ನಿಮ್ಮ ಸಮಸ್ಯೆ ಏನ್ರೀ' ಎಂದು ಕೇಳುವವರು. ರಸ್ತೆ ಮಾಡುವ ಮುಂಚೆ ಊರವರನ್ನು ಕೇಳಲಿಲ್ಲ ಎಂದು ಅಧಿಕಾರಿಗಳ ಮೇಲೆ ಬರೆದವರು. ಮನೆಯಲ್ಲಿ ಅಪ್ಪನನ್ನು ಒಂದು ಸಲವೂ ಕೇಳಿರಲಿಲ್ಲ. ತಪ್ಪಾಯಿತು ಅಂದೆವು. ಅಪ್ಪ, 'ಆತು ಬಿಡ್ರಿ, ನಾಳೆ ಕಾಕಾನ ಕಡೆ ನಾನೂ ಬರ್ತೀನಿ' ಅಂದ.

ಮರುದಿನ ಅಪ್ಪನೇ ಕುಳಿತು ಹೇಳಿ ಮಾಡಿಸಿದ. ಎರಡೂ ಬ್ರೇಕು ಬಲಗೈಗೆ ಬಂದವು, ಒಂದರ ಕೆಳಗೆ ಒಂದು. ಎಡಗಡೆ ಹಿಡಿಕೆಗೆ ದಪ್ಪ ರಬ್ಬರು ಸುತ್ತಿಸಿದ, ಬೆರಳು ಪೂರ್ತಿ ಮಡಚದಿದ್ದರೂ ಕೈ ಜಾರಬಾರದೆಂದು. ಗಾಡಿ ಇಳಿಜಾರಿನಲ್ಲಿ ನಿಲ್ಲಿಸಿದರೆ ತಾನೇ ಉರುಳುತ್ತದೆ, ಸ್ಟ್ಯಾಂಡೇ ಇಲ್ಲವಲ್ಲ. ಅದಕ್ಕೆ ಅಪ್ಪ ಕಂಡುಕೊಂಡ ಉಪಾಯ ಹಳೇ ಟ್ಯೂಬಿನದೊಂದು ಉಂಗುರ. ಇಳಿಯುವ ಮುಂಚೆ ಬ್ರೇಕ್ ಅದುಮಿ, ಹಿಡಿಕೆಗೂ ಬ್ರೇಕಿಗೂ ಸೇರಿಸಿ ಆ ರಬ್ಬರು ಏರಿಸಿದರೆ ಗಾಡಿ ಕದಲುವುದಿಲ್ಲ. 28 ವರ್ಷ ಪೇಪರ್ ಕಟ್ಟು ಬಿಗಿದ ಅದೇ ರಬ್ಬರು.

ಹಿಂದಿನ ಎರಡು ಗಾಲಿಯ ನಡುವೆ ಒಂದು ಬುಟ್ಟಿ ಕೂರಿಸಿದ್ದಾರೆ. ಆ ಬುಟ್ಟಿಯಿಂದಲೇ 'ಕುಂಟರ ಗಾಡಿ' ಎನ್ನುವ ಮಾತು ಮನೆಯಿಂದ ಹೋಯಿತು. ಮೊದಲು ಡೇರಿಗೆ ಹಾಲಿನ ಕ್ಯಾನು ಒಯ್ದ. ಆಮೇಲೆ ಓಣಿಯವರು, 'ಅಣ್ಣಾರ, ಗಿರಣಿ ಕಡೆ ಹೊಂಟೀರೇನು, ನಮ್ಮದೊಂದು ಜ್ವಾಳದ ಚೀಲ ಇಡ್ರಿ' ಎನ್ನತೊಡಗಿದರು. ಭಾರ ಕೆಳಗೆ ಕುಳಿತಷ್ಟೂ ಗಾಡಿ ಗಟ್ಟಿ ನಿಲ್ಲುತ್ತದೆ ಎಂದು ಅಪ್ಪ ಈಗ ಎಲ್ಲರಿಗೂ ಹೇಳುತ್ತಾನೆ.

ಮೊದಲಿನ ಸೈಕಲ್ ವಾಪಸ್ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡೂವರೆ ಅಡಿ ಅಗಲದ ಗಾಡಿ ನಮ್ಮ ಹಳೇ ಬಾಗಿಲಲ್ಲಿ ಒಳಗೆ ಹೋಗುವುದಿಲ್ಲ, ದನದ ಕೊಟ್ಟಿಗೆಯಲ್ಲಿ ನಿಲ್ಲುತ್ತದೆ. ತಿರುವಿನಲ್ಲಿ ಜೋರು ಹೋದರೆ ಒಳಗಡೆಯ ಗಾಲಿ ಏಳುತ್ತದೆ, ನಡೆಯುವಷ್ಟು ನಿಧಾನ ಮಾಡಿಯೇ ತಿರುಗಿಸಬೇಕು. ಮುಂದಿನ ಗಾಲಿ ತಗ್ಗು ತಪ್ಪಿಸಿದರೆ ಹಿಂದಿನದೊಂದು ಅದರಲ್ಲಿ ಬೀಳುತ್ತದೆ. ಮಳೆ ಬಂದರೆ ಎರೆಮಣ್ಣಿನ ದಾರಿಯಲ್ಲಿ ಮೂರೂ ಗಾಲಿಗೆ ಮಣ್ಣು ಮೆತ್ತಿ ನಿಂತುಬಿಡುತ್ತದೆ.

ಯಾರಾದರೂ ಇಂಥ ಕಿಟ್ ತರಿಸುವವರಿದ್ದರೆ ನಾವು ಹೇಳುವುದು ಇಷ್ಟು. ಮೊದಲು ಡಾಕ್ಟರರನ್ನು ಕೇಳಿ. ಕಣ್ಣು ಸರಿಯಾಗಿ ಕಾಣದಿದ್ದರೆ, ತಲೆಸುತ್ತು ಬರುತ್ತಿದ್ದರೆ ಇದು ಬೇಡ. ಪೆಟ್ಟಿಗೆ ತರಿಸುವ ಮುಂಚೆ ಸೈಕಲ್ಲಿನ ಹಿಂದಿನ ಭಾಗದ ಅಳತೆ, ಮನೆ ಬಾಗಿಲಿನ ಅಗಲ ಎರಡನ್ನೂ ತೆಗೆದುಕೊಳ್ಳಿ. ಹಿಂದಿನ ಬ್ರೇಕು ಇಲ್ಲದ ಕಿಟ್ ಬೇಡವೇ ಬೇಡ. ಬ್ರೇಕು ಗಟ್ಟಿ ಇರುವ ಕೈಗೇ ಬರಲಿ. ಕಿಟ್ಟಿನ ಬೆಲೆಯ ಮೇಲೆ ಚೈನು, ವೆಲ್ಡಿಂಗು, ಲೇತು ಎಂದು ನಮಗೆ ಮತ್ತೆ 1,900 ಖರ್ಚಾಯಿತು, ಅದನ್ನೂ ಲೆಕ್ಕದಲ್ಲಿ ಇಡಿ. ಒಂದು ವಾರ ಕಣದಲ್ಲೋ ಶಾಲೆ ಮೈದಾನದಲ್ಲೋ ಕಲಿತು ಆಮೇಲೆ ರಸ್ತೆಗೆ ಬನ್ನಿ. ಎಲ್ಲಕ್ಕಿಂತ ಮೊದಲು, ಹತ್ತಿ ತುಳಿಯುವವರನ್ನು ಕೂರಿಸಿಕೊಂಡು ಕೇಳಿ.

ಈಗ ಅಪ್ಪ ಮತ್ತೆ ಐದೂವರೆಗೆ ಕ್ರಾಸಿನಲ್ಲಿ ಇರುತ್ತಾನೆ. ಮೂರು ಊರು ಇಲ್ಲ, ನಮ್ಮೂರು ಮಾತ್ರ. ಬೈಕಿನ ಹುಡುಗ ತಾನಾಗಿಯೇ 22 ಪೇಪರು ಎಣಿಸಿ ಕೊಡುತ್ತಾನೆ. ಒಂದೂವರೆ ತಾಸು ಹಿಡಿಯುತ್ತದೆ, ಯಾರೂ ತಡವಾಯಿತು ಎನ್ನುವುದಿಲ್ಲ. ಭಾನುವಾರ ಬುಟ್ಟಿಯಲ್ಲಿ ಮೊಮ್ಮಗಳೂ ಇರುತ್ತಾಳೆ. ಹಳೇ ಚೈನನ್ನು ಅಪ್ಪ ಒಗೆಯಲಿಲ್ಲ, ಕೊಟ್ಟಿಗೆಯ ಮೊಳೆಗೆ ನೇತುಹಾಕಿದ್ದಾನೆ. ಹೋಗಿ ಬರುವಾಗ ನಮ್ಮ ಕಣ್ಣಿಗೆ ಬೀಳುತ್ತದೆ.

ಹೋದ ವಾರ ಬ್ಯಾಟರಿ ಮೋಟಾರು ಕೂರಿಸಿದರೆ ಕೆರೆ ಏರಿ ಹತ್ತುವುದು ಸುಲಭ ಆಗುತ್ತದೇನೋ ಎಂದು ನಮ್ಮೊಳಗೆ ಮಾತಾಯಿತು. ಮೊಬೈಲು ಕೆಳಗಿಟ್ಟು ಕಟ್ಟೆಗೆ ಹೋಗಿ ಅಪ್ಪನನ್ನೇ ಕೇಳಿದೆವು.

ಅಪ್ಪ ಬಹಳ ಹೊತ್ತು ಗಾಡಿ ನೋಡಿದ. 'ಸದ್ಯ ಬ್ಯಾಡ,' ಎಂದ. 'ಮಳಿಗಾಲ ಮುಗೀಲಿ. ಕಾಲು ಏನ್ ಅಂತಾವ ನೋಡಿ ಹೇಳ್ತೀನಿ.'